ಹೊಸ ಸರ್ವರ್‌ಗೆ ಎಲ್ಲ ಡಿಸ್ಕ್‌ಗಳೂ ಕಾಣಿಸಿದವು: ಐಸ್ಕಸಿ ಸ್ಟೋರೇಜ್‌ನಲ್ಲಿ ಯಾರಿಗೆ ಯಾವುದನ್ನು ಬಿಡಬೇಕು?

ಪ್ರಶ್ನೆ: ಬದಿಯಡ್ಕ ಸಮೀಪದ ಒಂದು ಸಹಕಾರಿ ಸಂಘದಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದೇನೆ. ಲಿನಕ್ಸ್ ಹಾಕಿದ ಒಂದು ಸ್ಟೋರೇಜ್ ಯಂತ್ರದಿಂದ ಐಸ್ಕಸಿ ಎಂಬ, ಜಾಲದ ಮೇಲೆ ಡಿಸ್ಕ್ ಒದಗಿಸುವ ವಿಧಾನದ ಮೂಲಕ ಸರ್ವರ್‌ಗಳಿಗೆ ಡಿಸ್ಕ್ ಕೊಟ್ಟಿದ್ದೇವೆ. ಮೊದಲ ಸರ್ವರ್‌ನಲ್ಲಿ ಸದಸ್ಯರ ಠೇವಣಿ, ಸಾಲ, ಅಡಿಕೆ ಖರೀದಿಯ ಲೆಕ್ಕ ಇದೆ. ಅದನ್ನೇ ಕ್ಲೋನ್ ಮಾಡಿ ಎಬ್ಬಿಸಿದ ಎರಡನೆಯದರಲ್ಲಿ ಸ್ಕ್ಯಾನ್ ಮಾಡಿದ ಕಾಗದಪತ್ರಗಳಿವೆ. ಈ ಎರಡರ ಸ್ಟೋರೇಜ್ ಸಂಪರ್ಕ ಆಗಾಗ ಕಡಿದು ತಾನಾಗಿ ಮತ್ತೆ ಬರುತ್ತದೆ. ಸಿಡಿಲಿಗೆ ಸ್ವಿಚ್ ಕೆಟ್ಟಿರಬೇಕೆಂದು ಹೊಸ ಸ್ವಿಚ್ ಹಾಕಿದರೂ ಸರಿಯಾಗಲಿಲ್ಲ. ಈಗ ಬ್ಯಾಕಪ್‌ಗೆಂದು ಒಂದು ವಿಂಡೋಸ್ ಸರ್ವರ್ ತಂದು ಜೋಡಿಸಿದರೆ, ಯಾವ ಅನುಮತಿಯೂ ಕೊಡದೆ ಎಲ್ಲ ಡಿಸ್ಕ್‌ಗಳೂ ಅದಕ್ಕೆ ಕಾಣಿಸಿದವು. 'ಇನಿಶಿಯಲೈಸ್ ಮಾಡಬೇಕು' ಎಂದು ಕೇಳಿತು. ಹೆದರಿ ಕ್ಯಾನ್ಸಲ್ ಒತ್ತಿದೆ. ಐಪಿ ವಿಳಾಸ ನೋಡಿ ಬಿಟ್ಟರೆ ಸಾಕೇ, ಚಾಪ್ ಪಾಸ್‌ವರ್ಡ್ ಬೇಕೇ? ಬ್ಯಾಕಪ್ ಸರ್ವರ್‌ಗೆ ಲೆಕ್ಕದ ಡಿಸ್ಕನ್ನು ಓದಲು ಮಾತ್ರ ಕೊಟ್ಟರೆ ಆದೀತೇ?

ಉತ್ತರ: ಕ್ಯಾನ್ಸಲ್ ಒತ್ತಿದ್ದು ದೊಡ್ಡ ಉಪಕಾರ. ಲಿನಕ್ಸ್‌ನಲ್ಲಿ ಪಾರ್ಟಿಷನ್ ಟೇಬಲ್ ಇಲ್ಲದೆ ಇಡೀ ಡಿಸ್ಕ್ ಮೇಲೆ ನೇರವಾಗಿ ಎಲ್‌ವಿಎಂ (ಡಿಸ್ಕಿನ ಜಾಗವನ್ನು ಭಾಗ ಮಾಡಿ ಹಂಚುವ ಲಿನಕ್ಸ್ ವ್ಯವಸ್ಥೆ) ಅಥವಾ ಫೈಲ್‌ಸಿಸ್ಟಮ್ ಹಾಕುವ ರೂಢಿ ಐಸ್ಕಸಿಯಲ್ಲಿ ಬಹಳ ಇದೆ. ವಿಂಡೋಸ್‌ನ ಕಣ್ಣಿಗೆ ಅಂಥ ಡಿಸ್ಕ್ ಖಾಲಿ. ನೀವು 'ಓಕೆ' ಒತ್ತಿ ಜಿಪಿಟಿ ಎಂಬ ಪಾರ್ಟಿಷನ್ ಟೇಬಲ್ ಆಯ್ದಿದ್ದರೆ ಅದು ಡಿಸ್ಕಿನ ಮೊದಲ 34 ಸೆಕ್ಟರ್‌ಗಳಲ್ಲಿ ತನ್ನ ಟೇಬಲ್ ಬರೆಯುತ್ತಿತ್ತು. ಎಲ್‌ವಿಎಂನ ಗುರುತು ಸಾಮಾನ್ಯವಾಗಿ ಇರುವುದು ಎರಡನೆಯ ಸೆಕ್ಟರ್‌ನಲ್ಲಿ, ಅದರ ಮೆಟಾಡೇಟಾ ಶುರುವಾಗುವುದು 4096ನೇ ಬೈಟ್‌ನಿಂದ. ಎಕ್ಸ್ಟ್4 ಎಂಬ ಫೈಲ್‌ಸಿಸ್ಟಮ್‌ನ ಮುಖ್ಯ ವಿವರ ಇರುವ ಸೂಪರ್‌ಬ್ಲಾಕ್ 1024ನೇ ಬೈಟ್‌ನಲ್ಲಿ. ಅಂದರೆ ಆ ಒಂದು ಕ್ಲಿಕ್ ಹೋಗಿ ಬೀಳುವುದು ಸರಿಯಾಗಿ ಮರ್ಮಸ್ಥಾನಕ್ಕೆ. ಒಳಗಿನ ಮಾಹಿತಿ ಅಳಿಯುವುದಿಲ್ಲ, ನಿಜ. ಆದರೆ ಸಂಘದ ಕೌಂಟರ್ ಮುಂದೆ ಜನ ನಿಂತಿರುವಾಗ ಅದನ್ನು ಹೊರತೆಗೆಯುವ ಪಾಡು ಯಾರಿಗೂ ಬೇಡ.

ಮುಂದೆ ಓದುವ ಮೊದಲು ಎರಡು ಕೆಲಸ ಮಾಡಿ. ವಿಂಡೋಸ್ ಸರ್ವರ್‌ನ ಐಸ್ಕಸಿ ಇನಿಶಿಯೇಟರ್ (ಸ್ಟೋರೇಜ್‌ಗೆ ಹೋಗಿ ಡಿಸ್ಕ್ ಕೇಳುವ ತಂತ್ರಾಂಶ) ತೆರೆದು ಸಂಪರ್ಕ ಕಡಿದು, 'ಫೇವರಿಟ್ ಟಾರ್ಗೆಟ್ಸ್' ಪಟ್ಟಿಯಿಂದಲೂ ಅದನ್ನು ತೆಗೆದುಬಿಡಿ. ಪಟ್ಟಿಯಲ್ಲಿ ಉಳಿದರೆ ಮುಂದಿನ ರೀಬೂಟ್‌ಗೆ ಮತ್ತೆ ತಾನಾಗಿ ಹೋಗಿ ಕೂಡಿಕೊಳ್ಳುತ್ತದೆ. ಆಮೇಲೆ ಎರಡನೆಯ ಲಿನಕ್ಸ್ ಸರ್ವರ್‌ಗೆ ಹೋಗಿ, ಲೆಕ್ಕದ ಡಿಸ್ಕ್ ಅಲ್ಲಿಯೂ ಮೌಂಟ್ ಆಗಿದೆಯೇ, ಅಂದರೆ ಬಳಕೆಗೆ ತೆರೆದುಕೊಂಡಿದೆಯೇ ನೋಡಿ. ಕ್ಲೋನ್ ಮಾಡಿದ ಯಂತ್ರ ಎಂದಿರಿ. ಮೂಲ ಯಂತ್ರದ ಎಫ್‌ಎಸ್‌ಟ್ಯಾಬ್ (ಬೂಟ್ ಆಗುವಾಗ ಮೌಂಟ್ ಆಗಬೇಕಾದ ಡಿಸ್ಕ್‌ಗಳ ಪಟ್ಟಿ) ಸಾಲುಗಳು ಅದರಲ್ಲಿ ಹಾಗೆಯೇ ಉಳಿದಿದ್ದರೆ ನನ್ನ ದೊಡ್ಡ ಹೆದರಿಕೆ ಅದೇ. ಮೌಂಟ್ ಆಗಿದ್ದು ಕಂಡರೆ ಗಡಿಬಿಡಿಯಲ್ಲಿ ಅನ್‌ಮೌಂಟ್ ಮಾಡಬೇಡಿ, ಅನ್‌ಮೌಂಟ್ ಮಾಡುವಾಗಲೂ ಡಿಸ್ಕಿಗೆ ಬರೆಯುವುದಿದೆ. ಮೊದಲು ಲೆಕ್ಕದ ಸರ್ವರ್‌ನಿಂದ ಡೇಟಾಬೇಸ್ ಡಂಪ್ (ಡೇಟಾಬೇಸಿನ ಪೂರ್ತಿ ನಕಲು) ತೆಗೆದು ಬೇರೆ ಕಡೆ ಇಡಿ. ಎರಡನೆಯದರಲ್ಲಿ ಸ್ಕ್ಯಾನ್ ಪ್ರತಿಗಳ ಡಿಸ್ಕನ್ನು ಮಾತ್ರ ಸರಿಯಾಗಿ ಮುಚ್ಚಿ, ಅದರ ಸ್ಟೋರೇಜ್ ಕೇಬಲ್ ಕಳಚಿ, ಯಂತ್ರ ಆರಿಸಿ. ಮೊದಲ ಸರ್ವರ್‌ನಲ್ಲಿ ಕೆಲಸ ನಿಲ್ಲಿಸಿ ಫೈಲ್‌ಸಿಸ್ಟಮ್ ಪರೀಕ್ಷೆ ನಡೆಸುವುದು ಅದರ ನಂತರ.

ಇನ್ನು ಆಗಾಗ ಕಡಿಯುವ ಸಂಪರ್ಕದ ವಿಷಯ. ಇದಕ್ಕೆ ಸ್ವಿಚ್ ಕಾರಣವಲ್ಲ, ಸಿಡಿಲೂ ಕಾರಣವಲ್ಲ ಎಂದು ನೀವು ಬರೆದ ಲಕ್ಷಣಗಳೇ ಹೇಳುತ್ತಿವೆ. ಐಸ್ಕಸಿಯಲ್ಲಿ ಪ್ರತಿ ಸರ್ವರ್‌ಗೂ ಐಕ್ಯೂಎನ್ ಎಂಬ ಹೆಸರಿರುತ್ತದೆ. ರೆಡ್‌ಹ್ಯಾಟ್ ಬಳಗದ ಲಿನಕ್ಸ್‌ನಲ್ಲಿ ಅದು 'ಐಕ್ಯೂಎನ್.1994-05.ಕಾಮ್.ರೆಡ್‌ಹ್ಯಾಟ್' ಎಂದು, ವಿಂಡೋಸ್‌ನಲ್ಲಿ 'ಐಕ್ಯೂಎನ್.1991-05.ಕಾಮ್.ಮೈಕ್ರೋಸಾಫ್ಟ್' ಎಂದು ಶುರುವಾಗುತ್ತದೆ. ಲಿನಕ್ಸ್ ಇದನ್ನು ಒಂದು ಪುಟ್ಟ ಪಠ್ಯ ಕಡತದಲ್ಲಿ ಇಟ್ಟುಕೊಳ್ಳುತ್ತದೆ. ಯಂತ್ರ ಕ್ಲೋನ್ ಆದಾಗ ಈ ಹೆಸರೂ ಕ್ಲೋನ್ ಆಯಿತು. ಸ್ಟೋರೇಜ್ ಒಂದು ಸೆಷನ್ನನ್ನು ಗುರುತಿಸುವುದು ಸರ್ವರ್‌ನ ಹೆಸರು ಮತ್ತು ಐಎಸ್‌ಐಡಿ ಎಂಬ ಚಿಕ್ಕ ಸಂಖ್ಯೆ ಸೇರಿಸಿ. ಲಿನಕ್ಸ್‌ನ ಓಪನ್-ಐಸ್ಕಸಿಯಲ್ಲಿ ಆ ಸಂಖ್ಯೆಯೂ ಎರಡು ಯಂತ್ರಗಳಲ್ಲಿ ಒಂದೇ ಆಗಿಬಿಡುವುದು ಸಾಮಾನ್ಯ. ಅದೇ ಹೆಸರು, ಅದೇ ಸಂಖ್ಯೆ ಹೊತ್ತು ಇನ್ನೊಂದು ಲಾಗಿನ್ ಬಂದರೆ, 'ಹಳೆಯ ಸಂಪರ್ಕ ಸತ್ತುಹೋಗಿ ಅದೇ ಸರ್ವರ್ ಮರಳಿ ಬಂದಿದೆ' ಎಂದು ತಿಳಿದು ಸ್ಟೋರೇಜ್ ಹಳೆಯ ಸೆಷನ್ನನ್ನು ಮುಚ್ಚಬೇಕು. ಐಸ್ಕಸಿಯ ನಿಯಮವೇ ಹಾಗೆ. ಹೊರಬಿದ್ದ ಸರ್ವರ್ ಸುಮ್ಮನಿರುವುದಿಲ್ಲ, ಮತ್ತೆ ಲಾಗಿನ್ ಆಗುತ್ತದೆ, ಈಗ ಇನ್ನೊಂದು ಹೊರಬೀಳುತ್ತದೆ. ನಿಮ್ಮಲ್ಲಿ ನಡೆಯುತ್ತಿರುವ ತಳ್ಳಾಟ ಇದೇ. ಎರಡನೆಯ ಸರ್ವರ್‌ನಲ್ಲಿ 'ಐಸ್ಕಸಿ-ಐನೇಮ್' ಆಜ್ಞೆಯಿಂದ ಹೊಸ ಹೆಸರು ಹುಟ್ಟಿಸಿ, ಆ ಕಡತದಲ್ಲಿ ಹಾಕಿ, ಐಸ್ಕಸಿ ಸೇವೆಯನ್ನು ಮತ್ತೆ ಶುರು ಮಾಡಿ. ಕ್ಲೋನ್ ಮಾಡುವ ಪದ್ಧತಿ ಇರುವ ಕಡೆಗಳಲ್ಲೆಲ್ಲ ಈ ಕಡತ ಅಳಿಸುವುದು ಕ್ಲೋನ್ ವಿಧಾನದ ಭಾಗವೇ ಆಗಬೇಕು.

ಈಗ ಮುಖ್ಯ ವಿಷಯ. ಫೈಲ್ ಸರ್ವರ್‌ನಲ್ಲಿ ಕೆಲಸ ಮಾಡಿದವರಿಗೆ ಒಂದು ನಂಬಿಕೆ ಇರುತ್ತದೆ: ಬಾಗಿಲು ಸ್ವಲ್ಪ ತೆರೆದಿದ್ದರೂ ಒಳಗಿನ ಫೋಲ್ಡರ್‌ಗಳಿಗೆ ಅನುಮತಿ ಇದೆಯಲ್ಲ ಎಂದು. ಬ್ಲಾಕ್ ಸ್ಟೋರೇಜ್‌ನಲ್ಲಿ ಅದಿಲ್ಲ. ಸ್ಟೋರೇಜ್ ಯಂತ್ರಕ್ಕೆ ಫೈಲ್ ಎಂದರೇನೆಂದೇ ತಿಳಿಯದು. 'ಇಂಥ ನಂಬರಿನ ಬ್ಲಾಕ್ ಓದು, ಇಂಥದ್ದಕ್ಕೆ ಇದನ್ನು ಬರೆ' ಎಂಬ ಮಾತು ಮಾತ್ರ ಅದಕ್ಕೆ ತಿಳಿಯುವುದು. ಒಳಗೆ ಬಂದ ಸರ್ವರ್ ಆ ಡಿಸ್ಕಿನ ಯಾವ ಬ್ಲಾಕನ್ನೂ ಓದಬಹುದು, ಒರೆಸಲೂಬಹುದು. ನೀವು ಲಿನಕ್ಸ್‌ನಲ್ಲಿ ಎಷ್ಟು ಜಾಗ್ರತೆಯಿಂದ ಯೂಸರ್ ಅನುಮತಿ ಹಾಕಿದ್ದರೂ ಅದು ಪಕ್ಕದ ವಿಂಡೋಸ್ ಸರ್ವರ್‌ಗೆ ಲೆಕ್ಕಕ್ಕಿಲ್ಲ. ಆದ್ದರಿಂದ ಇಲ್ಲಿ ಮಾಡುವ ನಿಯಂತ್ರಣವೆಲ್ಲ ಬಾಗಿಲಲ್ಲೇ ಮುಗಿಯಬೇಕು, ಮತ್ತು ಒಂದು ಡಿಸ್ಕಿಗೆ ಒಂದೇ ಸರ್ವರ್ ಎಂಬುದು ಸಹಜ ಸ್ಥಿತಿಯಾಗಿರಬೇಕು.

ನಿಮ್ಮಲ್ಲಿ ಬಾಗಿಲೇ ಇಲ್ಲ. ಹೊಸ ಸರ್ವರ್ ಏನೂ ಕೇಳಿಸಿಕೊಳ್ಳದೆ ಒಳಬಂದಿದೆ ಎಂದರೆ ನಿಮ್ಮ ಟಾರ್ಗೆಟ್, ಅಂದರೆ ಸ್ಟೋರೇಜ್‌ನಲ್ಲಿ ಡಿಸ್ಕ್ ಒದಗಿಸುವ ಭಾಗ, 'ಡೆಮೊ ಮೋಡ್'ನಲ್ಲಿದೆ. ಲಿನಕ್ಸ್ ಕರ್ನಲ್‌ಗೆ 2011ರಲ್ಲಿ ಸೇರಿದ ಎಲ್‌ಐಒ ಟಾರ್ಗೆಟ್‌ಗೆ, ಅಂದರೆ ನೀವು ಟಾರ್ಗೆಟ್‌ಸಿಎಲ್‌ಐ ಮೂಲಕ ನೋಡುವುದಕ್ಕೆ, ಯಾರು ಬಂದರೂ ಬಿಡು ಎನ್ನುವ ಒಂದು ಸವಲತ್ತಿದೆ. 'ಜನರೇಟ್ ನೋಡ್ ಎಸಿಎಲ್ಸ್' 1, 'ಡೆಮೊ ಮೋಡ್ ರೈಟ್ ಪ್ರೊಟೆಕ್ಟ್' 0, 'ಆಥೆಂಟಿಕೇಶನ್' 0 ಎಂಬ ಸಾಲು ಎಷ್ಟೋ ಪಾಠಗಳಲ್ಲಿ ಸಿಗುತ್ತದೆ. ಕಲಿಯಲು ಅದು ಸರಿ. ಆದರೆ ಹಾಕಿಕೊಡಲು ಬಂದವರು ಅದನ್ನೇ ಅಂಟಿಸಿ, ಡಿಸ್ಕ್ ಕಾಣಿಸಿದ ಕೂಡಲೇ ಕೆಲಸ ಮುಗಿಯಿತೆಂದು ಹೊರಟುಬಿಡುತ್ತಾರೆ. ಸಾರ್ವಜನಿಕರ ಹಣದ ಲೆಕ್ಕ ಇರುವ ಜಾಗದಲ್ಲಿ ಇದನ್ನು ಹೀಗೆ ಬಿಟ್ಟು ಹೋಗುವುದನ್ನು ನಾನು ಸಣ್ಣ ವಿಷಯ ಎಂದು ಎಣಿಸುವುದಿಲ್ಲ. ಬೇರೆ ಸ್ಟೋರೇಜ್‌ಗಳಲ್ಲೂ ಇದರ ರೂಪ ಇದೆ. ಉದಾಹರಣೆಗೆ, ಟ್ರೂನ್ಯಾಸ್‌ನಲ್ಲಿ ಎಲ್ಲ ಇನಿಶಿಯೇಟರ್‌ಗಳನ್ನೂ ಬಿಡುವ ಒಂದು ಟಿಕ್ ಗುರುತು ಇರುತ್ತದೆ.

ಸರಿಪಡಿಸುವ ಕ್ರಮ ಹೀಗೆ. ಪ್ರತಿ ಸರ್ವರ್‌ನ ಐಕ್ಯೂಎನ್ ಹೆಸರಿಗೂ ಒಂದೊಂದು ಎಸಿಎಲ್ (ಅನುಮತಿ ಪಟ್ಟಿ) ಮಾಡಿ, 'ಜನರೇಟ್ ನೋಡ್ ಎಸಿಎಲ್ಸ್' ಅನ್ನು 0 ಮಾಡಿ, ಪ್ರತಿ ಎಸಿಎಲ್ ಒಳಗೆ ಆ ಸರ್ವರ್‌ಗೆ ಸೇರಿದ ಲನ್ (ಟಾರ್ಗೆಟ್ ಒದಗಿಸುವ ಒಂದೊಂದು ಡಿಸ್ಕ್) ಮಾತ್ರ ಇಡಿ. ಇದನ್ನೇ ಲನ್ ಮಾಸ್ಕಿಂಗ್ ಎನ್ನುವುದು. ಇಲ್ಲಿ ಎಡವಿ ಬೀಳುವ ಒಂದು ಹೊಂಡ ಇದೆ. ಟಾರ್ಗೆಟ್‌ಸಿಎಲ್‌ಐನಲ್ಲಿ 'ಆಟೋ ಆ್ಯಡ್ ಮ್ಯಾಪ್ಡ್ ಲನ್ಸ್' ಎಂಬುದು ಮೊದಲಿಂದಲೇ ಚಾಲೂ ಇರುತ್ತದೆ. ಹೊಸ ಎಸಿಎಲ್ ಮಾಡಿದರೆ ಆ ಟಾರ್ಗೆಟ್‌ನ ಎಲ್ಲ ಲನ್‌ಗಳೂ ಅದಕ್ಕೆ ಸೇರಿಕೊಳ್ಳುತ್ತವೆ. ಮುಂದೆಂದಾದರೂ ಹೊಸ ಲನ್ ಸೇರಿಸಿದರೆ ಅದು ಇರುವ ಎಲ್ಲ ಎಸಿಎಲ್‌ಗಳಿಗೂ ಹೋಗಿ ಸೇರುತ್ತದೆ. ನೀವು ಜಾಗ್ರತೆಯಿಂದ ಕಟ್ಟಿದ ಬೇಲಿ ಆರು ತಿಂಗಳ ನಂತರ ನಿಮಗೆ ತಿಳಿಯದೆ ತೆರೆದುಕೊಳ್ಳುವುದು ಹೀಗೆ. ಮೊದಲು ಅದನ್ನು 'ಫಾಲ್ಸ್' ಮಾಡಿ. ಇನ್ನೂ ಒಳ್ಳೆಯದು, ಒಂದು ಸರ್ವರ್‌ಗೆ ಒಂದು ಪ್ರತ್ಯೇಕ ಟಾರ್ಗೆಟ್ ಮಾಡುವುದು. ಮೂರು ಸರ್ವರ್‌ಗಳ ಸಂಘಕ್ಕೆ ಅದು ಹೆಚ್ಚಿನ ಕೆಲಸವೇನಲ್ಲ, ಮತ್ತು ತಪ್ಪಾದರೂ ತಪ್ಪು ಆ ಒಂದು ಟಾರ್ಗೆಟ್ ಒಳಗೇ ಉಳಿಯುತ್ತದೆ.

ಐಪಿ ವಿಳಾಸ ಸಾಕೇ ಎಂದು ಕೇಳಿದ್ದೀರಿ. ಸಾಲದು. ಹೆಸರಿನ ಎಸಿಎಲ್ ಮಾತ್ರವೂ ಸಾಲದು. ಐಕ್ಯೂಎನ್ ಎಂಬುದು ಸರ್ವರ್ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಮಾತು. ಪಠ್ಯ ಕಡತದ ಒಂದು ಸಾಲು ತಿದ್ದಿದರೆ ಯಾವ ಲ್ಯಾಪ್‌ಟಾಪ್ ಬೇಕಾದರೂ ನಿಮ್ಮ ಲೆಕ್ಕದ ಸರ್ವರ್ ಎಂದು ಹೇಳಿಕೊಳ್ಳಬಹುದು. ಐಪಿ ವಿಳಾಸವೂ ಅಷ್ಟೇ. ಇವು ಅಚಾತುರ್ಯವನ್ನು ತಡೆಯುತ್ತವೆ, ಬೇಕೆಂದೇ ಬರುವವನನ್ನಲ್ಲ. ಹಾಗೆಂದು ಕಡೆಗಣಿಸಬೇಡಿ, ನಿಮ್ಮಲ್ಲಿ ಆಗಬಹುದಾಗಿದ್ದ ಅನಾಹುತವೂ ಅಚಾತುರ್ಯದ್ದೇ.

ನಾನೇ ಆ ಸರ್ವರ್ ಎಂದು ಸಾಬೀತುಪಡಿಸಲು ಚಾಪ್ ಬೇಕು. ಸ್ಟೋರೇಜ್ ಒಂದು ಯಾದೃಚ್ಛಿಕ ಸವಾಲು ಕಳಿಸುತ್ತದೆ, ಸರ್ವರ್ ಅದನ್ನೂ ಗುಪ್ತಪದವನ್ನೂ ಸೇರಿಸಿ ಸಾಮಾನ್ಯವಾಗಿ ಎಂಡಿ5 ಹ್ಯಾಶ್ ಮಾಡಿ ಉತ್ತರಿಸುತ್ತದೆ. ಗುಪ್ತಪದ ತಂತಿಯ ಮೇಲೆ ಹೋಗುವುದೇ ಇಲ್ಲ. ಆದರೆ ಸವಾಲು ಮತ್ತು ಉತ್ತರ ಎರಡನ್ನೂ ಕದ್ದು ಕೇಳಿಸಿಕೊಂಡವನು ಮನೆಯಲ್ಲಿ ಕೂತು ಪದಗಳನ್ನು ಒಂದೊಂದಾಗಿ ಹಾಕಿ ನೋಡಬಹುದು. ಹಾಗಾಗಿ ಸಂಘದ ಹೆಸರು, ಊರಿನ ಹೆಸರು, ಇಸವಿ ಬೇಡ. ಐಪಿಸೆಕ್ (ಜಾಲದ ಸಾಗಣೆಗೆ ಗೂಢಲಿಪಿ ಹಾಕುವ ವಿಧಾನ) ಇಲ್ಲದ ಕಡೆ ಗುಪ್ತಪದ ಕನಿಷ್ಠ 96 ಬಿಟ್, ಅಂದರೆ 12 ಬೈಟ್ ಇರಬೇಕು. ವಿಂಡೋಸ್ ಇನಿಶಿಯೇಟರ್ 12ರಿಂದ 16 ಅಕ್ಷರಗಳನ್ನು ಕೇಳುತ್ತದೆ. ಪಾಸ್‌ವರ್ಡ್ ತಯಾರಿಸುವ ಸಾಧನದಿಂದ 16 ಅಕ್ಷರ ತೆಗೆಯಿರಿ, ಪ್ರತಿ ಸರ್ವರ್‌ಗೂ ಬೇರೆ ಬೇರೆ. ಮ್ಯೂಚುವಲ್ ಚಾಪ್ ಕೂಡ ಹಾಕಿ. ಆಗ ಸ್ಟೋರೇಜ್ ಕೂಡ ತಾನು ಯಾರೆಂದು ಸರ್ವರ್‌ಗೆ ಸಾಬೀತುಪಡಿಸಬೇಕಾಗುತ್ತದೆ. ಆ ದಿಕ್ಕಿನ ಗುಪ್ತಪದ ಈ ದಿಕ್ಕಿನದ್ದೇ ಆಗಿರಕೂಡದು. ಒಂದೇ ಆಗಿದ್ದರೆ ಸವಾಲನ್ನು ಹಿಂದಿರುಗಿಸಿ ಕೇಳಿ, ಬಂದ ಉತ್ತರವನ್ನೇ ಒಪ್ಪಿಸಿ ಒಳನುಗ್ಗುವ ದಾರಿ ಸಿಗುತ್ತದೆ. ಚಾಪ್ ಹಾಕಿದರೆ ವೇಗ ಕಡಿಮೆಯಾಗುತ್ತದೆ ಎಂಬ ಮಾತು ಕೇಳಿದ್ದರೆ ಮರೆತುಬಿಡಿ, ಅದು ನಡೆಯುವುದು ಲಾಗಿನ್ ಹೊತ್ತಿಗೆ ಮಾತ್ರ.

ಲಿನಕ್ಸ್‌ನಲ್ಲಿ ಚಾಪ್ ಹಾಕುವಾಗ ಎರಡು ಕಡೆ ಜನ ಎಡವುತ್ತಾರೆ. ಸ್ಟೋರೇಜ್ ಬದಿಯಲ್ಲಿ ಯೂಸರ್ ಮತ್ತು ಪಾಸ್‌ವರ್ಡ್ ಬರೆದು, 'ಆಥೆಂಟಿಕೇಶನ್' ಅನ್ನು 1 ಮಾಡಲು ಮರೆಯುತ್ತಾರೆ. ಎಲ್ಲ ಸರಿಯಿದೆ ಎಂದು ಕಾಣುತ್ತದೆ, ಪಾಸ್‌ವರ್ಡ್ ಮಾತ್ರ ಕಡ್ಡಾಯವಾಗಿರುವುದಿಲ್ಲ. ಸರ್ವರ್ ಬದಿಯಲ್ಲಿ 'ಐಸ್ಕಸಿಡಿ.ಕಾನ್ಫ್' ಕಡತ ತಿದ್ದಿ, ಬದಲಾವಣೆ ಹಿಡಿಯಲಿಲ್ಲವೆಂದು ತಲೆ ಕೆಡಿಸಿಕೊಳ್ಳುತ್ತಾರೆ. ಆ ಕಡತದ ಮೌಲ್ಯಗಳು ಟಾರ್ಗೆಟ್ ಹುಡುಕುವ ಹೊತ್ತಿಗೆ ನೋಡ್ ದಾಖಲೆಗೆ ನಕಲಾಗುತ್ತವೆ. ಆಮೇಲೆ ಮೂಲ ತಿದ್ದಿದರೆ ಹಳೆಯ ದಾಖಲೆ ಬದಲಾಗದು. ಐಸ್ಕಸಿಅಡ್ಮ್ ಆಜ್ಞೆಯಿಂದ ದಾಖಲೆಯನ್ನೇ ಅಪ್‌ಡೇಟ್ ಮಾಡಬೇಕು. ಪಾಸ್‌ವರ್ಡ್ ಈ ಕಡತಗಳಲ್ಲಿ ಮುಚ್ಚುಮರೆಯಿಲ್ಲದೆ ಇರುತ್ತದೆ. ರೂಟ್ ಹೊರತು ಯಾರಿಗೂ ಓದಲು ಬಿಡಬೇಡಿ, ಸರ್ವರ್‌ನ ಬ್ಯಾಕಪ್ ಪ್ರತಿಯಲ್ಲೂ ಅದು ಇರುತ್ತದೆ ಎಂಬುದು ನೆನಪಿರಲಿ.

ಚಾಪ್ ಬಾಗಿಲಲ್ಲಿ ಮಾತ್ರ. ಒಳಬಂದ ಮೇಲೆ ಹೋಗಿಬರುವ ಬ್ಲಾಕ್‌ಗಳೆಲ್ಲ ಬಿಚ್ಚುಮೈಯಲ್ಲೇ ಹರಿಯುತ್ತವೆ. ಸದಸ್ಯರ ಸಾಲದ ವಿವರವನ್ನು ಅದೇ ಸ್ವಿಚ್‌ನಲ್ಲಿ ಕೂತವನು ಹಿಡಿದು ಓದಬಹುದು. 'ಡೈಜೆಸ್ಟ್' ಎಂಬ ಆಯ್ಕೆ ಸಾಗಣೆಯ ದೋಷ ಪತ್ತೆಗಷ್ಟೇ, ಕಳ್ಳನಿಂದ ಕಾಯುವುದಿಲ್ಲ. ಐಪಿಸೆಕ್ ಇದೆ, ಆದರೆ ನಿಮ್ಮಂಥ ಸಣ್ಣ ವ್ಯವಸ್ಥೆಗೆ ನಾನು ಬೇರೆ ದಾರಿ ಹೇಳುತ್ತೇನೆ. ಸ್ಟೋರೇಜ್‌ಗೆ ಪ್ರತ್ಯೇಕ ಸ್ವಿಚ್ ಅಥವಾ ಪ್ರತ್ಯೇಕ ವಿಎಲ್ಯಾನ್ (ಒಂದೇ ಸ್ವಿಚ್‌ನೊಳಗೆ ಬೇರ್ಪಡಿಸಿದ ಜಾಲ) ಇರಲಿ, ಅದಕ್ಕೆ ಗೇಟ್‌ವೇ ಬೇಡ, ಕೌಂಟರ್‌ನ ಕಂಪ್ಯೂಟರ್‌ಗಳೂ ವೈಫೈಯೂ ಅದನ್ನು ಮುಟ್ಟದಿರಲಿ. ಬದಲಿಸಿ ತೆಗೆದಿಟ್ಟ ಹಳೆಯ ಸ್ವಿಚ್ ಇದೆಯಲ್ಲ, ಅದು ಕೆಟ್ಟಿಲ್ಲದಿದ್ದರೆ ಈ ಕೆಲಸಕ್ಕೆ ಬಂದೀತು. ಟಾರ್ಗೆಟ್‌ಸಿಎಲ್‌ಐ ಸಾಮಾನ್ಯವಾಗಿ ಪೋರ್ಟಲನ್ನು 0.0.0.0 ವಿಳಾಸದಲ್ಲಿ, 3260 ಪೋರ್ಟ್‌ನಲ್ಲಿ ತೆರೆದಿರುತ್ತದೆ, ಅಂದರೆ ಯಂತ್ರದ ಎಲ್ಲ ಜಾಲಗಳಿಗೂ. ಅದನ್ನು ಅಳಿಸಿ ಸ್ಟೋರೇಜ್ ಜಾಲದ ವಿಳಾಸದಲ್ಲಿ ಮಾತ್ರ ತೆರೆಯಿರಿ. ಸ್ಟೋರೇಜ್ ಯಂತ್ರಕ್ಕೆ ಕಚೇರಿ ಜಾಲದಿಂದ ಎಸ್‌ಎಸ್‌ಎಚ್ ಲಾಗಿನ್ ಇದ್ದರೆ ಅದನ್ನೂ ಬಿಗಿ ಮಾಡಿ. ಅದರ ರೂಟ್ ಪಾಸ್‌ವರ್ಡ್ ಸಿಕ್ಕವನಿಗೆ ಈ ಮೇಲಿನ ಯಾವುದೂ ಅಡ್ಡವಲ್ಲ. ಇನ್ನೂ ಒಂದು ಹೆಜ್ಜೆ ಹೋಗುವುದಾದರೆ ಲೆಕ್ಕದ ಡಿಸ್ಕಿಗೆ ಸರ್ವರ್‌ನಲ್ಲೇ ಲಕ್ಸ್ ಗೂಢಲಿಪಿ ಹಾಕಿ. ಆಗ ತಂತಿಯ ಮೇಲೂ ಸ್ಟೋರೇಜ್ ಒಳಗೂ ಇರುವುದು ಗೂಢಲಿಪಿಯೇ. ಅದು ಓದುವುದನ್ನು ತಡೆಯುತ್ತದೆ, ಒರೆಸುವುದನ್ನಲ್ಲ, ಹಾಗಾಗಿ ಮಾಸ್ಕಿಂಗ್ ಬೇಕೇ ಬೇಕು.

ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ, ಇದರಲ್ಲೇ ಹೆಚ್ಚು ಜನ ಕೈಸುಟ್ಟುಕೊಳ್ಳುವುದು. ಎರಡು ಸರ್ವರ್‌ಗಳಿಗೆ ಒಂದೇ ಡಿಸ್ಕಿಗೆ ಅನುಮತಿ ಕೊಟ್ಟ ಮಾತ್ರಕ್ಕೆ ಅವು ಹಂಚಿಕೊಂಡು ಬಾಳುವುದಿಲ್ಲ. ಎಕ್ಸ್ಟ್4, ಎಕ್ಸ್‌ಎಫ್‌ಎಸ್, ಎನ್‌ಟಿಎಫ್‌ಎಸ್ ಇವೆಲ್ಲ ಈ ಡಿಸ್ಕ್ ತನ್ನೊಬ್ಬನದ್ದೇ ಎಂದು ನಂಬಿ ನಡೆಯುವ ಫೈಲ್‌ಸಿಸ್ಟಮ್‌ಗಳು. ಇಬ್ಬರು ಗುಮಾಸ್ತರು ಬೆಳಿಗ್ಗೆ ಒಂದೇ ಖಾತೆ ಪುಸ್ತಕದ ಶಿಲ್ಕನ್ನು ತಮ್ಮ ತಮ್ಮ ಚೀಟಿಗೆ ಬರೆದುಕೊಂಡು, ದಿನವಿಡೀ ಚೀಟಿಯಲ್ಲೇ ಕೂಡಿ ಕಳೆದು, ಸಂಜೆ ಇಬ್ಬರೂ ತಮ್ಮ ಮೊತ್ತವನ್ನು ಅದೇ ಪುಟದಲ್ಲಿ ಬರೆದರೆ ಹೇಗಾದೀತು? ಸರ್ವರ್‌ನ ಮೆಮೊರಿ ಆ ಚೀಟಿ. ಯಾವ ಬ್ಲಾಕ್ ಖಾಲಿ ಇದೆ ಎಂಬುದನ್ನೂ ಎರಡೂ ಬೇರೆ ಬೇರೆಯಾಗಿ ನೆನಪಿಟ್ಟುಕೊಂಡು, ಒಂದು ಬರೆದ ಜಾಗದ ಮೇಲೆ ಇನ್ನೊಂದು ಬರೆಯುತ್ತದೆ. ಹಲವು ಸಲ ಇದು ಕೂಡಲೇ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಬ್ಯಾಕಪ್‌ಗಳೂ ಕೆಟ್ಟ ಪ್ರತಿಗಳೇ ಆಗಿರುತ್ತವೆ.

ಓದಲು ಮಾತ್ರ ಕೊಟ್ಟರೂ ಸರಿಯಲ್ಲ. ಎಕ್ಸ್ಟ್4 ಅನ್ನು 'ರೀಡ್ ಓನ್ಲಿ' ಎಂದು ಮೌಂಟ್ ಮಾಡಿದರೂ ಜರ್ನಲ್‌ನಲ್ಲಿ (ಬರೆಯಬೇಕಾದ ಬದಲಾವಣೆಗಳನ್ನು ಮೊದಲು ಗುರುತಿಡುವ ಜಾಗದಲ್ಲಿ) ಬಾಕಿ ಇದ್ದರೆ ಅದನ್ನು ಡಿಸ್ಕಿಗೆ ಬರೆಯಲು ಹೊರಡುತ್ತದೆ. ಎಸಿಎಲ್‌ನಲ್ಲೇ 'ರೈಟ್ ಪ್ರೊಟೆಕ್ಟ್' ಹಾಕಿ ಅದನ್ನು ತಡೆದರೂ, ಕೆಳಗೆ ಬದಲಾಗುತ್ತಿರುವ ಡಿಸ್ಕನ್ನು ಹಳೆಯ ನೆನಪಿನಿಂದ ಓದುವ ಸರ್ವರ್‌ಗೆ ಸಿಗುವುದು ಅರ್ಧ ಹಳೆಯದು, ಅರ್ಧ ಹೊಸದು. ಅದು ಬ್ಯಾಕಪ್ ಅಲ್ಲ. ಸಾಲದ್ದಕ್ಕೆ ನಿಮ್ಮ ಬ್ಯಾಕಪ್ ಸರ್ವರ್ ವಿಂಡೋಸ್, ಅದು ಲಿನಕ್ಸ್ ಫೈಲ್‌ಸಿಸ್ಟಮ್ ಓದುವುದೂ ಇಲ್ಲ. ಆದ್ದರಿಂದ ಅದಕ್ಕೆ ಸ್ವಂತದ ಒಂದು ಡಿಸ್ಕ್ ಮಾತ್ರ ಕೊಡಿ, ಸಾಧ್ಯವಾದರೆ ಆ ಡಿಸ್ಕ್ ಈ ಸ್ಟೋರೇಜ್ ಯಂತ್ರದ್ದಾಗದೆ ಬೇರೆಯದ್ದಾಗಿರಲಿ. ಪೆಟ್ಟಿಗೆ ಸುಟ್ಟರೆ ಮೂಲವೂ ಬ್ಯಾಕಪ್ಪೂ ಒಟ್ಟಿಗೆ ಹೋಗಬಾರದು. ಲೆಕ್ಕದ ಸರ್ವರ್ ಡೇಟಾಬೇಸ್ ಡಂಪ್ ತೆಗೆದು ಜಾಲದ ಮೂಲಕ ಅಲ್ಲಿಗೆ ಕಳಿಸಲಿ. ಫೈಲ್ ಹಂಚಿಕೆ ಬೇಕಾದರೆ ಡಿಸ್ಕ್ ಒಂದೇ ಸರ್ವರ್ ಹತ್ತಿರ ಇದ್ದು, ಅದು ಎನ್‌ಎಫ್‌ಎಸ್ ಅಥವಾ ಎಸ್‌ಎಂಬಿ ಮೂಲಕ ಉಳಿದವರಿಗೆ ಕೊಡಲಿ. ನಿಜವಾಗಿಯೂ ಒಂದು ಡಿಸ್ಕನ್ನು ಹಲವರು ಹಿಡಿಯಬೇಕಾದ ಸಂದರ್ಭಗಳಿವೆ: ವಿಎಂವೇರ್‌ನ ವಿಎಂಎಫ್‌ಎಸ್, ಲಿನಕ್ಸ್‌ನ ಜಿಎಫ್‌ಎಸ್2, ಒಸಿಎಫ್‌ಎಸ್2 ಹುಟ್ಟಿದ್ದು ಅದಕ್ಕೇ. ಅಲ್ಲಿ ಪರ್ಸಿಸ್ಟೆಂಟ್ ರಿಸರ್ವೇಷನ್ ಎಂಬ ಕೀಲಿಗಳೂ ಬರುತ್ತವೆ. ಅವು ಒಳಗಿರುವವರು ತಮ್ಮತಮ್ಮಲ್ಲಿ ಮಾಡಿಕೊಳ್ಳುವ ಹೊಂದಾಣಿಕೆಯೇ ಹೊರತು ಪಾಸ್‌ವರ್ಡ್ ಅಲ್ಲ. ನಿಮಗೆ ಸದ್ಯ ಇದು ಯಾವುದೂ ಬೇಡ.

ತಪ್ಪಾದರೂ ತಡೆಯುವ ಕೆಲವು ಸಣ್ಣ ಕಾವಲುಗಳನ್ನು ಸರ್ವರ್ ಬದಿಯಲ್ಲೇ ಇಡಬಹುದು. ಎಕ್ಸ್ಟ್4ಗೆ ಎಂಎಂಪಿ ಎಂಬ ಆಯ್ಕೆ ಇದೆ. ಬೇರೆ ಯಂತ್ರ ಈಗಾಗಲೇ ಮೌಂಟ್ ಮಾಡಿಕೊಂಡಿದ್ದರೆ ಇದು ಮೌಂಟ್ ಆಗಲು ಒಪ್ಪುವುದಿಲ್ಲ. ಅನ್‌ಮೌಂಟ್ ಸ್ಥಿತಿಯಲ್ಲಿ ಟ್ಯೂನ್2ಎಫ್‌ಎಸ್‌ನಿಂದ ಹಾಕಬೇಕು. ಎಲ್‌ವಿಎಂನಲ್ಲಿ 'ಸಿಸ್ಟಮ್ ಐಡಿ' ಕೊಟ್ಟರೆ ಬೇರೆ ಸರ್ವರ್ ಆ ವಾಲ್ಯೂಮ್ ಗ್ರೂಪನ್ನು ಎಬ್ಬಿಸದು, ಆದರೆ ಕ್ಲೋನ್ ಆದ ಯಂತ್ರಕ್ಕೆ ಬೇರೆ ಐಡಿ ಇದೆಯೇ ಎಂದು ನೋಡಿಕೊಳ್ಳಿ. ವಿಂಡೋಸ್‌ನಲ್ಲಿ ಡಿಸ್ಕ್‌ಪಾರ್ಟ್‌ನ 'ಸ್ಯಾನ್' ಪಾಲಿಸಿಯನ್ನು 'ಆಫ್‌ಲೈನ್ ಶೇರ್ಡ್' ಮಾಡಿ, ಹೊಸದಾಗಿ ಕಂಡ ಐಸ್ಕಸಿ ಡಿಸ್ಕ್ ತಾನಾಗಿ ಆನ್‌ಲೈನ್ ಆಗುವುದಿಲ್ಲ. ಲೆಕ್ಕದ ಸರ್ವರ್‌ನ 'ಎಲ್‌ವಿಎಂ ಬ್ಯಾಕಪ್' ಫೋಲ್ಡರಿನ ನಕಲನ್ನೂ ಹೊರಗೆ ಇಡಿ. ಯಾರಾದರೂ ಒಂದು ದಿನ ಕ್ಯಾನ್ಸಲ್ ಬದಲು ಓಕೆ ಒತ್ತಿದರೆ ಅಳಿದ ಮೆಟಾಡೇಟಾ ಮರಳಿ ಕೂಡಿಸಲು ಆ ಸಣ್ಣ ಕಡತ ಬೇಕಾಗುತ್ತದೆ.

ಇದೆಲ್ಲವನ್ನೂ ತುಲಾ ತಿಂಗಳ ಸಿಡಿಲು-ಮಳೆ ಶುರುವಾಗುವ ಮೊದಲು ಮುಗಿಸಿ. ಏಕೆಂದರೆ ಚಾಪ್ ನೋಡುವುದು ಲಾಗಿನ್ ಹೊತ್ತಿಗೆ ಮಾತ್ರ ಎಂದೆನಲ್ಲ, ಪಾಸ್‌ವರ್ಡ್ ಬದಲಿಸಿದರೂ ಆಗಲೇ ಕೂಡಿರುವ ಸೆಷನ್ ನಡೆಯುತ್ತಲೇ ಇರುತ್ತದೆ. ತಪ್ಪು ಹೊರಬೀಳುವುದು ಕರೆಂಟು ಹೋಗಿ, ಯುಪಿಎಸ್ ಬರಿದಾಗಿ, ಎಲ್ಲವೂ ಆರಿ ಮತ್ತೆ ಹೊತ್ತಿದಾಗ. ಟಾರ್ಗೆಟ್‌ಸಿಎಲ್‌ಐಯಲ್ಲಿ ಮಾಡಿದ ಬದಲಾವಣೆ ಸೇವ್ ಆಗದಿದ್ದರೆ ಅಥವಾ ಅದನ್ನು ಬೂಟ್‌ನಲ್ಲಿ ಮರಳಿ ತರುವ 'ಟಾರ್ಗೆಟ್' ಸೇವೆ ಎನೇಬಲ್ ಆಗದಿದ್ದರೆ ಆ ಹೊತ್ತಿಗೆ ಡಿಸ್ಕೇ ಇರುವುದಿಲ್ಲ. ಒಂದು ರಜಾದಿನ ನೋಡಿ, ಎಲ್ಲವನ್ನೂ ಕ್ರಮವಾಗಿ ಆರಿಸಿ, ಮತ್ತೆ ಹೊತ್ತಿಸುವಾಗ ಸ್ಟೋರೇಜ್ ಮೊದಲು, ಸರ್ವರ್ ಆಮೇಲೆ ಹೊತ್ತಿಸಿ. ಲಿನಕ್ಸ್‌ನ ಎಫ್‌ಎಸ್‌ಟ್ಯಾಬ್‌ನಲ್ಲಿ ಐಸ್ಕಸಿ ಡಿಸ್ಕ್‌ಗಳಿಗೆ '_ನೆಟ್‌ಡೆವ್' ಆಯ್ಕೆ (ಮುಂದಿನ ಅಂಡರ್‌ಸ್ಕೋರ್ ಸಹಿತ) ಇರಲಿ, ಹೆಸರು 'ಎಸ್‌ಡಿಬಿ' ಎಂದಿರದೆ ಯುಯುಐಡಿ (ಬದಲಾಗದ ಗುರುತು ಸಂಖ್ಯೆ) ಆಗಿರಲಿ. ಆಮೇಲೆ ವಿಂಡೋಸ್ ಸರ್ವರ್‌ನಿಂದ ಬೇಕೆಂದೇ ತಪ್ಪು ಪಾಸ್‌ವರ್ಡ್ ಹಾಕಿ ಲಾಗಿನ್ ಪ್ರಯತ್ನಿಸಿ, ಅದು ನಿರಾಕರಿಸಬೇಕು. ಸರಿಯಾದದ್ದು ಹಾಕಿದಾಗ ಅದರದ್ದೇ ಡಿಸ್ಕ್ ಒಂದು ಮಾತ್ರ ಕಾಣಬೇಕು.

ಹೆಸರು ಬದಲಿಸಿದ ಮೇಲೂ ಎರಡು ಸರ್ವರ್‌ಗಳ ಸಂಪರ್ಕ ಕಡಿಯುತ್ತಿದ್ದರೆ, ಕಡಿದ ಹೊತ್ತಿನ ಸುತ್ತಿನ ಲಾಗ್ ಸಾಲುಗಳನ್ನು ಸ್ಟೋರೇಜ್‌ನಿಂದಲೂ ಸರ್ವರ್‌ನಿಂದಲೂ ತೆಗೆದು, ಟಾರ್ಗೆಟ್‌ಸಿಎಲ್‌ಐ 'ಎಲ್‌ಎಸ್' ಪಟ್ಟಿಯ ಜೊತೆ ಕಳಿಸಿ. ಪಾಸ್‌ವರ್ಡ್ ಇರುವ ಸೇವ್‌ಕಾನ್ಫಿಗ್ ಕಡತವನ್ನು ಮಾತ್ರ ಕಳಿಸಬೇಡಿ, ನನಗೂ.